ಆರೂ ಐದರ ಗಾಡಿ

ಐದು ಒಂದೇ ನಿಂತಿದೆ, ಕಪ್ಪು ಪರದೆಯ ಮೇಲೆ ಬಿಳಿ ಅಂಕಿ, ಆರು, ನಡುವೆ ಎರಡು ಚುಕ್ಕೆ, ಆಮೇಲೆ ಐದು, ಅಷ್ಟೆ, ಮಿಸ್ ಸರಿ ಇತ್ತಲ್ದಾ ಎಂದು ಕೇಳುತ್ತಿದ್ದಾಳೆ ಧನ್ಯಶ್ರೀ, ನಾನು ಅವಳ ಕುರ್ಚಿಯ ಹಿಂದೆ ನಿಂತು ಅವಳ ಜಡೆಯ ರಬ್ಬರ್ ಬ್ಯಾಂಡ್ ನೋಡುತ್ತಿದ್ದೇನೆ, ಪರದೆ ನೋಡುವುದು ಬೇಡವೆಂದು — ಹದಿನಾಲ್ಕು ವರ್ಷದಿಂದ ಈ ಕುಂದಾಪುರದ ಲ್ಯಾಬಿನಲ್ಲಿ ಸಿ ಪಾಠ ಮಾಡುತ್ತಿದ್ದೇನೆ, ಒಮ್ಮೆಯೂ ಮಕ್ಕಳಿಗೆ ವೇಳಾಪಟ್ಟಿ ಬರೆಯಿರಿ ಎಂದವಳಲ್ಲ, ಅಂಕಪಟ್ಟಿ ಕೊಟ್ಟಿದ್ದೇನೆ, ಮಗ್ಗಿ ಕೊಟ್ಟಿದ್ದೇನೆ, ನಕ್ಷತ್ರಗಳ ಗೋಪುರ ಕಟ್ಟಿಸಿದ್ದೇನೆ, ಈ ವರ್ಷ ಸಿಲಬಸ್ಸಿನಲ್ಲೇ ಬಂದುಬಿಟ್ಟಿತು, ಪ್ರಯೋಗ ಏಳು, ಬಸ್ಸಿನ ವೇಳಾಪಟ್ಟಿಯನ್ನು ಅಂದವಾಗಿ ಮುದ್ರಿಸಿರಿ. ಅಂದವಾಗಿ. ನನಗೆ ಅಂದದ ಪಾಠ ಯಾರೂ ಹೇಳಬೇಕಾಗಿಲ್ಲ. ಮಾಡುವವರು ನಲವತ್ತು ಮಂದಿ ಇದ್ದಾರೆ, ಈ ತಪ್ಪನ್ನೇ ಮಾಡಬೇಕಾದವಳು ಬಾಗಿಯ ಮಗಳೇ ಆಗಬೇಕಿತ್ತೇ, ಅಪ್ಪನ ಮುಖ ಕಾಣದ ಹುಡುಗಿ, ಅವಳ ಅಮ್ಮ ಆ ಗಾಡಿ ತಪ್ಪಿಸಿಕೊಂಡದ್ದು ನಾನು ಮಾಡಿದ ಪಟ್ಟಿಯಿಂದ, ಅದು ಇವಳಿಗೂ ಗೊತ್ತಿಲ್ಲ, ಬಾಗಿಗೂ ಗೊತ್ತಿಲ್ಲ, ಗೊತ್ತಿರುವುದು ನನಗೊಬ್ಬಳಿಗೆ.

ತೊಂಬತ್ತೆಂಟು, ರೈಲು ಬಂದ ಹೊಸತು, ಬೈಂದೂರಿನವರಿಗೆ ಬಸ್ಸು ಗೊತ್ತು, ಕೈ ತೋರಿಸಿದರೆ ನಿಲ್ಲುತ್ತದೆ, ಹ್ವಾಯ್ ಎಂದರೆ ಕಂಡಕ್ಟರ್ ಮತ್ತೊಂದು ನಿಮಿಷ ಕಾಯುತ್ತಾನೆ, ರೈಲು ಯಾರ ಮಾತೂ ಕೇಳುವುದಿಲ್ಲ, ಅದಕ್ಕೇ ಪಟ್ಟಿ ಬೇಕು ಎಂದರು ರಾಜೇಂದ್ರ ಸರ್, ನಮ್ಮ ಕಂಪ್ಯೂಟರ್ ಕ್ಲಾಸಿನ ಹೆಸರೂ ಊರಿಗೆ ಗೊತ್ತಾಗಲಿ, ಸ್ವಾತಿ ನೀನು ಮಾಡು — ನನಗಾಗ ಇಪ್ಪತ್ತೊಂದು, ಕಾಲು ನೆಲದ ಮೇಲಿರಲಿಲ್ಲ. ಮೂರು ದಿನ ಕೂತೆ. ಊರಿನ ಹೆಸರಿಗೆ ಹದಿನೈದು ಅಕ್ಷರದ ಮನೆ, ಎಡಕ್ಕೆ ಒತ್ತಿ, ಗಂಟೆಗೆ ಎರಡು ಮನೆ, ಬಲಕ್ಕೆ ಒತ್ತಿ, ಸುತ್ತ ನಕ್ಷತ್ರದ ಬೇಲಿ, ಎಲ್ಲ ಸಾಲೂ ನೇರ, ಒಂದೇ ಒಂದು ಸಾಲು ಬಿಟ್ಟು. ಮುಂಬಯಿ ಗಾಡಿಯ ಸಾಲಿನಲ್ಲಿ ಬೇಲಿಯ ನಕ್ಷತ್ರ ಒಂದು ಮನೆ ಒಳಗೆ ಸರಿದಿತ್ತು, ನನಗೆ ಕಾಣಿಸಿತು, ಕಾಣಿಸಲಿಲ್ಲ ಎಂದು ಹೇಳುವ ಹಾಗಿಲ್ಲ, ಯಂತ್ರಕ್ಕೆ ಐದು ನಿಮಿಷವೆಂದರೆ ಬರೀ ಐದು, ಎರಡು ಮನೆ ಹಿಡಿ, ಖಾಲಿ ಮನೆಗೆ ಸೊನ್ನೆ ಹಾಕು ಎಂದು ನಾವೇ ಹೇಳಬೇಕು, ನಾನು ಹೇಳಲಿಲ್ಲ, ಐದರ ಆಚೆಗೆ ಒಂದು ಖಾಲಿ ಮನೆ ಸೇರಿಸಿ ನಕ್ಷತ್ರವನ್ನು ಹೊರಗೆ ತಳ್ಳಿದೆ, ಬೇಲಿ ನೆಟ್ಟಗಾಯಿತು. ಅಂದವಾಯಿತು. ಗಾಡಿಯ ಹೊತ್ತು ಏನಾಯಿತೆಂದು ಯೋಚಿಸಿದೆನೇ, ಇಲ್ಲ, ಬೇಲಿ ನೋಡಿ ಖುಷಿಪಟ್ಟೆ. ಸರ್ ಹಾಳೆಯನ್ನು ದೂರ ಹಿಡಿದು ನೋಡಿದರು, ಅಚ್ಚಿನ ಹಾಗಿದೆ ಮಾರಾಯ್ತಿ ಎಂದರು, ಕೆಳಗೆ ನನ್ನ ಹೆಸರೂ ಇತ್ತು, ತಯಾರಿಸಿದವರು ಸ್ವಾತಿ, ಯಡ್ತರೆ, ಅದನ್ನು ಸ್ಟೇಷನ್ ದಾರಿಯ ದುಗ್ಗಪ್ಪಣ್ಣನ ಅಂಗಡಿಯ ಗೋಡೆಗೆ ಮೈದಾ ಗೋಂದು ಹಚ್ಚಿ ನಾನೇ ಅಂಟಿಸಿದೆ, ಅಂಟಿಸಿ ನಾಲ್ಕು ಹೆಜ್ಜೆ ಹಿಂದೆ ಹೋಗಿ ನಿಂತು ಮತ್ತೊಮ್ಮೆ ನೋಡಿದೆ.

ಬಾಗಿ ಮೀನು ಮಾರುವವಳು, ಅಕ್ಷರ ಬಾರದು, ಅಂಕಿ ಬರುತ್ತದೆ, ಬುಟ್ಟಿ ಇಳಿಸಿದಲ್ಲಿ ಸೀಮೆಸುಣ್ಣದಲ್ಲಿ ಆರು ಚುಕ್ಕೆ ಐದು ಎಂದು ಬರೆದರೆ ಆರೂವರೆ ರೂಪಾಯಿ, ಅವಳಿಗೂ ಹಾಗೆ, ಕೊಳ್ಳುವವರಿಗೂ ಹಾಗೆ, ಅದರಲ್ಲಿ ಯಾರಿಗೂ ಸಂಶಯವಿಲ್ಲ. ಮುಂಬಯಿಯಿಂದ ಫೋನು ಬಂದಿತ್ತು, ಗಂಡ ಸೋಮನನ್ನು ಹೋಟೆಲಿನವರು ಆಸ್ಪತ್ರೆಗೆ ಸೇರಿಸಿದ್ದಾರೆ, ಬೇಗ ಹೊರಡಿ. ಅವಳು ಅಂಗಡಿಗೆ ಬಂದು ಪಟ್ಟಿ ನೋಡಿದಳು, ಮುಂಬಯಿ ಗಾಡಿ ಯಾವ ಸಾಲು ಎಂದು ಕೇಳಿ ತಿಳಿದುಕೊಂಡಳು, ಹೊತ್ತು ತಾನೇ ಓದಿದಳು, ಮರುದಿನ ಬೆಳಿಗ್ಗೆ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ಸ್ಟೇಷನ್ನಿಗೆ ಹೋದಳು, ಆರೂಕಾಲಿಗೇ ಹೋದಳು, ಹದಿನೈದು ನಿಮಿಷ ಮುಂಚೆ, ಗಾಡಿ ಹೋಗಿ ಹತ್ತು ನಿಮಿಷವಾಗಿತ್ತು. ಮುಂದಿನ ಗಾಡಿ ಮೂರು ದಿನ ಬಿಟ್ಟು. ಮಧ್ಯಾಹ್ನದ ಬಸ್ಸು ಹಿಡಿದಳು, ಬಸ್ಸು ಮುಟ್ಟಿದ್ದು ಮರುದಿನ ಮಧ್ಯಾಹ್ನ, ಸೋಮ ಹೋದದ್ದು ಆ ಬೆಳಿಗ್ಗೆ ಎಂಟಕ್ಕೆ, ಗಾಡಿ ಸಿಕ್ಕಿದ್ದರೆ ಹಿಂದಿನ ರಾತ್ರಿಯೇ ಮುಟ್ಟುತ್ತಿದ್ದಳು, ಈ ಲೆಕ್ಕ ನಾನು ಎಷ್ಟು ಸಲ ಮಾಡಿದ್ದೇನೋ, ಎಷ್ಟು ಮಾಡಿದರೂ ಉತ್ತರ ಅದೇ ಬರುತ್ತದೆ. ಬಾಗಿ ಮುಂಬಯಿಯಲ್ಲೇ ಇದ್ದಳು ಇನ್ನೂ, ನಾನು ಉಪ್ಪು ತರಲು ಹೋದವಳು, ಅಂಗಡಿಯಲ್ಲಿ ಅವಳ ನಾದಿನಿ ಹೇಳುತ್ತಿದ್ದಳು, ಅತ್ಗಿ ಆರೂವರೆ ಅಂದೇಳಿ ಓದದ್ದ್ ಅಂಬ್ರ್, ದುಗ್ಗಪ್ಪಣ್ಣ ತೂಕದ ಬಟ್ಟಲು ಒರೆಸುತ್ತ, ಆರೂ ಐದಕ್ಕೆ ಗಾಡಿ ಕೂಗ್ ಕೇಂತಿಲ್ಯಾ, ಪಟ್ಟಿ ನಮ್ಮ ಸ್ವಾತಿ ಕಂಪ್ಯೂಟರಂಗೆ ಮಾಡದ್ದ್, ಅದ್ ತಪ್ಪತ್ತಾ, ಅವ್ಳಿಗ್ ಓದುಕ್ ಬಾರ್ದೇ ಆದದ್ದ್. ನಾನು ಗೋಡೆ ನೋಡಿದೆ. ಐದು, ಪಕ್ಕದಲ್ಲಿ ನಾನೇ ಕೈಯಾರೆ ಮಾಡಿಕೊಟ್ಟ ಖಾಲಿ ಜಾಗ. ಹೌದು ದುಗ್ಗಪ್ಪಣ್ಣ ಎಂದೆ. ಅಷ್ಟೇ ಅಂದದ್ದು, ಉಪ್ಪಿನ ಕಟ್ಟು ಹಿಡಿದುಕೊಂಡು, ಹೌದು ದುಗ್ಗಪ್ಪಣ್ಣ.

ಮಾರನೆಯ ದಿನ ಪ್ರೋಗ್ರಾಮ್ ತೆರೆದು ಆ ಖಾಲಿ ಮನೆ ತೆಗೆದು ಎರಡೇ ಅಕ್ಷರ ಸೇರಿಸಿದೆ, ಸೊನ್ನೆ, ಎರಡು, ಅಷ್ಟಕ್ಕೆ ಆರೂ ಸೊನ್ನೆ ಐದು ಎಂದು ಬಂತು, ಬೇಲಿಯೂ ತಾನಾಗಿ ನೆಟ್ಟಗೆ ನಿಂತಿತು, ಮೂರು ದಿನದ ನನ್ನ ಸರ್ಕಸ್ಸು ಬೇಕೇ ಇರಲಿಲ್ಲ. ಹಳೆಯ ಹಾಳೆಯ ಮೇಲೆಯೇ ಹೊಸದನ್ನು ಅಂಟಿಸಿದೆ, ಮೂಲೆಗೆ ಮೂಲೆ ಕೂಡಿಸಿ, ಒಂದು ಕೂದಲಿನಷ್ಟೂ ಹಳೆಯದು ಕಾಣದ ಹಾಗೆ, ಈ ಸಲ ನನ್ನ ಹೆಸರು ಹಾಕಲಿಲ್ಲ. ನಾಚಿಕೆ, ಅಂದೂ ಆಯಿತು, ಇಂದೂ ಆಗುತ್ತಿದೆ. ಮಗಳನ್ನು ಕಾಲೇಜಿಗೆ ಸೇರಿಸಲು ಬಂದಾಗ ಬಾಗಿ ನನ್ನ ಕೈ ಹಿಡಿದಿದ್ದಳು, ಟೀಚರೇ ನಿಮ್ಮ್ ಕೈಯಂಗ್ ಹಾಕಿದೆ, ಹೆಣ್ಣ್ ನನ್ನ ಹಾಂಗ್ ಆಪುಕಾಗ, ನಾನು ನಕ್ಕು ಫಾರಂ ತುಂಬಿಸಿದೆ, ಫಾರಂ ತುಂಬಿಸುವುದು ಸುಲಭ, ಹೇಳುವುದಾದರೆ ಅಂದೇ ಹೇಳಬಹುದಿತ್ತು, ಆದರೆ ಈಗ ಯಾಕೆ, ಹೋದವನು ಬರುತ್ತಾನೆಯೇ, ಇವಳು ನನ್ನ ಪಾಠಕ್ಕೆ ಕೂರುತ್ತಾಳೆಯೇ, ಊರು ಏನೆಂದೀತು, ಹದಿನೇಳು ವರ್ಷ ಹೀಗೆ ಒಂದಕ್ಕೊಂದು ಪೋಣಿಸಿಕೊಂಡೇ ಬಂದೆ. ಮಿಸ್, ಎಂತ ಆಯ್ತ್, ತಪ್ಪಿತ್ತಾ? ತಪ್ಪಿದೆ ಧನ್ಯಾ, ಐದಕ್ಕೆ ಮೊದಲು ಒಂದು ಸೊನ್ನೆ ಬೇಕು, ಇಲ್ಲದಿದ್ದರೆ ಓದುವವರು ಆರೂವರೆ ಎಂದುಕೊಂಡಾರು — ಅಂದುಬಿಟ್ಟೆ, ಪಾಠದ ದನಿಯಲ್ಲೇ ಅಂದೆ.

ಅವಳು ನಗುತ್ತಾಳೆ, ಹೌದ್ ಮಿಸ್, ನಮ್ಮ್ ಅಮ್ಮ ಹಾಂಗೇ ಓದದ್ದ್, ಅಪ್ಪಯ್ಯನ್ನ ಕಾಂಬುಕೆ ಹೋಪತಿಗೆ, ಆದ್ರೆ ಅಲ್ಲಿ ಸೊನ್ನೆ ಇದ್ದಿತ್, ಅಮ್ಮಂಗೆ ಕಂಡಿಲ್ಲೆ. ಮುಂಬಯಿಂದ ವಾಪಾಸ್ ಬಂದವ್ಳ್ ಸೀದಾ ದುಗ್ಗಪ್ಪಣ್ಣನ ಅಂಗ್ಡಿಗ್ ಹೋಯ್ ಕಂಡಳಂಬ್ರ್, ಸೊನ್ನೆ ಸಮಾ ಇತ್ತ್, ಇಷ್ಟ್ ದೊಡ್ಡದ್. ಬ್ರಹ್ಮಾವರದ ಕಣ್ಣಿನ ಕ್ಯಾಂಪಿಗ್ ಮೂರ್ ಸಲ ಹೋಯಿತ್ ಮಿಸ್, ಡಾಕ್ಟ್ರ್ ಎಂತದೂ ಇಲ್ಲೆ ಅಂದ್ರೂ ಕೇಣುದಿಲ್ಲ, ಮತ್ತೊಂದ್ ಸಲ ಕಾಣಿ ಡಾಕ್ಟ್ರೇ ಅಂತ್, ಈಗ್ಲೂ ಮೀನಿನ ಚೀಟಿ ನಂಗೇ ಓದುಕ್ ಕೊಡುದ್, ನನ್ ಕಣ್ಣ್ ನಂಬುಕಾಗ ಅಂದೇಳಿ — ನಗುತ್ತಲೇ ಹೇಳುತ್ತಿದ್ದಾಳೆ, ಮನೆಯಲ್ಲಿ ಹೇಳಿ ಹೇಳಿ ಸವೆದ ಮಾತು, ಬೆರಳು ಕೀಬೋರ್ಡಿನ ಮೇಲೆ ಸೊನ್ನೆಯನ್ನು ಹುಡುಕುತ್ತಿದೆ, ಧನ್ಯಾ ನಿಲ್ಲು, ಆ ಸೊನ್ನೆ ಅಲ್ಲಿರಲಿಲ್ಲ, ನಿನ್ನ ಅಮ್ಮ ಸರಿಯಾಗಿಯೇ ಓದಿದ್ದು, ಸೊನ್ನೆ ನಾನು ಆಮೇಲೆ ಅಂಟಿಸಿದ್ದು — ಇದನ್ನು ಮನಸ್ಸಿನಲ್ಲಿ ಅಂದೆನೋ ಬಾಯಿಬಿಟ್ಟೇ ಅಂದೆನೋ, ಬಾಯಿಬಿಟ್ಟೇ ಅಂದಿದ್ದೇನೆ, ಅವಳ ನಗು ನಿಂತಿದೆ, ತಿರುಗಿ ನನ್ನನ್ನೇ ನೋಡುತ್ತಿದ್ದಾಳೆ, ಅಮ್ಮ ಈಗ ಮೀನ್ ಮಾರ್ಕೆಟ್ಟಂಗ್ ಇರತ್ತ್, ನೀವೇ ಬಂದ್ ಹೇಳಿ, ಎನ್ನುತ್ತಾಳೆ, ಮಿಸ್ ಎನ್ನಲಿಲ್ಲ, ಬರುತ್ತೇನೆ, ಚಪ್ಪಲಿ ಎಲ್ಲಿ, ಬರುತ್ತೇನೆ, ಆದರೆ ಕಣ್ಣೆದುರು ದುಗ್ಗಪ್ಪಣ್ಣನ ಗೋಡೆ, ಮುಂಬಯಿಯಿಂದ ಬಂದ ಸೀರೆಯಲ್ಲೇ ಬಾಗಿ, ಕುಂಕುಮವಿಲ್ಲದ ಹಣೆ, ಬೆರಳು, ನನ್ನ ಗೋಂದಿನ್ನೂ ಒಣಗದ ಹಾಳೆಯ ಮೇಲೆ ಅವಳ ಬೆರಳು, ಆ ಸೊನ್ನೆಯ ಸುತ್ತ, ಇನ್ನೊಂದು ಸಲ ಸುತ್ತ, ಇನ್ನೊಂದು ಸಲ