ಬೋಗಿ ಬುಡದ ಕಲ್ಲಣಬೆ

ಮೂರು ದಿನದಿಂದ ಡೈರಿಯಲ್ಲಿ ಒಂದೇ ಸಾಲು ಬರೆದು ಗೀಚಿಹಾಕುತ್ತಿದ್ದೆ: ಆ ಕಲ್ಲಣಬೆ ಬೀಜದ ಪ್ಯಾಕೆಟ್ಟಿನ ಚೀಟಿ ಬರೆದದ್ದು ನಾನೆಂದು ದೊಡ್ಡಮ್ಮನಿಗೆ ಗೊತ್ತಾದರೆ? ಸುಳ್ಳು ಬರೆದದ್ದಕ್ಕಿಂತ ಸಿಕ್ಕಿಬೀಳುವುದೇ ದೊಡ್ಡ ಚಿಂತೆ. ಸಸ್ಯಶಾಸ್ತ್ರ ಓದಿದವಳು ನಾನು. ನಾಚಿಕೆ ಅಂದರೆ ಅದು.

ಕೆಲಸ ಮಣಿಪಾಲದಲ್ಲಿ, ಅಣಬೆ ಬೀಜ ಮಾರುವ ಶ್ರವಣ್ ಸರ್ ಹತ್ತಿರ. ಚಿಪ್ಪಣಬೆ ಬೀಜ ನಾವು ಚೆನ್ನಾಗಿಯೇ ಮಾಡುತ್ತೇವೆ. ಒದ್ದೆ ಬೈಹುಲ್ಲು ಕೊಟ್ಟರೆ ಸಾಕು, ಬರುತ್ತದೆ. ಈ ವರ್ಷ ಸರ್‌ಗೆ ಕಲ್ಲಣಬೆಯ ಹುಚ್ಚು ಹಿಡಿಯಿತು. ಮೊದಲ ಗುಡುಗಿಗೆ ಕಾರ್ಕಳದ ಗುಡ್ಡಗಳಲ್ಲಿ ಮಣ್ಣೊಳಗೆ ಗೋಲಿಗಳ ಹಾಗೆ ಕೂತಿರುತ್ತದಲ್ಲ, ಅದು. ಆರು ವಾರ ಹುಲ್ಲಿನಲ್ಲಿ ಬೆಳೆಸಲು ನೋಡಿದೆ. ಒಂದೂ ಬರಲಿಲ್ಲ. ಸರ್‌ಗೆ ಹೇಳಿದೆ. ನಮ್ಮ ಕೈಯಲ್ಲಿ ಬಾರದಿದ್ದರೆ ಜನರ ಕೈಯಲ್ಲಿ ಬರ್ತದೆ, ನೀನು ಚೀಟಿ ಬರೆ ಎಂದರು. ಹುಲ್ಲಿನಲ್ಲಿ ಸುಲಭವಾಗಿ ಬೆಳೆಯುತ್ತದೆ ಎಂದು ಬರೆದೆ.

ಇವತ್ತು ಕಾರ್ಕಳದ ಹತ್ತಿರ ಒಂದು ಸಭಾಭವನದಲ್ಲಿ ಆ ಬೀಜ ಬೆಳೆಸುವ ತರಬೇತಿ. ಮೂವತ್ತು ಹೆಂಗಸರು. ಮುಂದಿನ ಸಾಲಿನಲ್ಲೇ ಗುಣವತಿ ದೊಡ್ಡಮ್ಮ, ಅಮ್ಮನ ಅಕ್ಕ. ತಮ್ಮ ಹಿತ್ತಿಲಿನ ಬೋಗಿ ಮರದ ಬುಡ ಕೆದಕಿ ಪ್ರತಿವರ್ಷ ಬುಟ್ಟಿ ತುಂಬ ಕಲ್ಲಣಬೆ ತೆಗೆಯುವವರು. ನಮ್ಮ ಹುಡುಗಿ ಇರುವ ಕಂಪನಿ, ಮೋಸ ಇರಲಿಕ್ಕಿಲ್ಲ ಎಂದು ಅಕ್ಕಪಕ್ಕದವರಿಗೂ ಹೇಳಿ ಕರೆತಂದಿದ್ದರು.

"ಇನ್ನು ಬೆನ್ನು ಬಗ್ಗಿಸುವುದು ಬೇಡ ಮಾರಾಯ್ತಿ," ಎಂದರು ಪಕ್ಕದ ಸೆಲೀನಕ್ಕನ ಹತ್ತಿರ. "ನಾಳೆ ಮರ ಕಡಿಯುವ ದೇಜಪ್ಪ ಗರಗಸ ತರ್ತಾನೆ. ಬೋಗಿ ಹೋದರೆ ಅಲ್ಲೇ ಅಣಬೆಗೆ ಶೆಡ್ ಹಾಕಬಹುದು."

"ಹೋದ ವರ್ಷ ನನಗೆ ನಾಲ್ಕೇ ನಾಲ್ಕು ಕೊಟ್ಟದ್ದಲ್ವಾ ನೀವು? ಇನ್ನು ನನ್ನ ಮನೆಗೆ ಬಂದು ಕೇಳಿ," ಎಂದು ಸೆಲೀನಕ್ಕ ನಕ್ಕರು.

ನನಗೆ ನಗು ಬರಲಿಲ್ಲ. ಆ ಬೋಗಿಯ ಬೇರಿನ ತುದಿಗೇ ಕಲ್ಲಣಬೆಯ ನೂಲಿನಂಥ ಎಳೆ ಸುತ್ತಿಕೊಂಡಿರುವುದು. ಕೆಂಪು ಮುರಕಲ್ಲಿನ ಸಂದಿಯಲ್ಲಿ ಬೇರು ನುಗ್ಗಲಾರದಲ್ಲಿಗೆ ನೂಲು ನುಗ್ಗಿ ನೀರು, ರಂಜಕ ತರುತ್ತದೆ. ಮರ ಎಲೆಯಲ್ಲಿ ಮಾಡಿದ ಸಕ್ಕರೆ ಕೊಡುತ್ತದೆ. ಪುಕ್ಕಟೆ ಅಲ್ಲ. ಒಂದೇ ಬೇರಿಗಾಗಿ ಹತ್ತು ಬಗೆಯ ಅಣಬೆಗಳ ಜಗಳ. ಕಡಿಮೆ ತಂದವರಿಗೆ ಮರವೂ ಕೈ ಬಿಗಿ ಹಿಡಿಯುವುದುಂಟು. ಆ ಜಗ್ಗಾಟದಲ್ಲಿ ಗೆದ್ದು ನಿಂತದ್ದನ್ನು ಹುಲ್ಲಿನ ಚೀಲಕ್ಕೆ ತುಂಬಿ, ಬೆಳೆ ಅಂದರೆ ಬೆಳೆಯುತ್ತದಾ? ಅದಕ್ಕೂ ಒಂದು ಹಟ ಉಂಟು.

ಅಷ್ಟರಲ್ಲಿ ಸರ್ ಮೈಕಿನಲ್ಲಿ, ನಮ್ಮ ಯಶ್ಮಿತಾ ಲ್ಯಾಬಿನಲ್ಲಿ ಬೆಳೆಸಿ ನೋಡಿದ್ದಾಳೆ, ಬೇಕಾದರೆ ಕೇಳಿ ಎಂದರು. ಎಲ್ಲರೂ ನನ್ನ ಕಡೆ ತಿರುಗಿದರು. ಸುಮ್ಮನೆ ತಲೆ ಆಡಿಸಿದ್ದರೆ ಸಾಕಿತ್ತು. ಇಷ್ಟು ವರ್ಷ ಅದನ್ನೇ ಮಾಡಿದ್ದು. ಎದ್ದು ನಿಂತೆ.

"ನೋಡಿದ್ದೇನೆ, ಒಂದೂ ಬರಲಿಲ್ಲ. ದೊಡ್ಡಮ್ಮ, ಆ ಚೀಟಿಯಲ್ಲಿ ಸುಳ್ಳು ಬರೆದದ್ದು ನಾನೇ. ಬೋಗಿ ಕಡಿದರೆ ನಿಮಗೆ ಇರುವ ಕಲ್ಲಣಬೆಯೂ ಇಲ್ಲ."