ಒಂದು ಕುರಿಯಷ್ಟು ಪದ

"ನಿಮ್ಮ ಪದ ಎಷ್ಟು ನಿಮಿಷ ಬರುತ್ತೆ?" ಟೇಪ್ ರೆಕಾರ್ಡರಿನ ಮುಚ್ಚಳ ತೆಗೆಯುತ್ತ ಗೋವಿಂದಯ್ಯನವರು ಕೇಳಿದರು.

ಜುಂಜಣ್ಣ ಕತ್ತರಿಯನ್ನು ಕಲ್ಲಿಗೆ ಮಸೆಯುತ್ತಿದ್ದ. "ಕುರಿ ನೋಡಿ ಹೇಳ್ಬೇಕು ಸ್ವಾಮಿ."

"ಕುರಿಗೂ ಹಾಡೋ ಪದಕ್ಕೂ ಏನು ಸಂಬಂಧ?"

"ಒಂದು ಕುರಿಗೆ ಒಂದು ಪದ. ಕತ್ತರಿ ಇಟ್ಟಾಗ ಎತ್ತೋದು, ಕುರಿ ಎದ್ದಾಗ ಮುಗ್ಸೋದು. ನಮ್ಮಪ್ಪಂದೂ ಹಂಗೇ ಇತ್ತು."

"ಹಂಗಾದ್ರೆ ಟಗರು ಹಿಡೀಬ್ಯಾಡ ಕಣಪ್ಪ," ಎಂದ ಪಕ್ಕದಲ್ಲಿ ಕುರಿ ಕೆಡವಿಕೊಂಡಿದ್ದ ಮುದುಕ ಎತ್ತಪ್ಪ. "ಆ ಪದ ಮುಗಿಯೋ ಹೊತ್ತಿಗೆ ಸ್ವಾಮಿಯೋರಿಗೆ ಪಿಂಚಣಿ ಬಂದಿರ್ತೈತೆ."

ಭರಮಸಾಗರದ ಕೆರೆ ಏರಿಯ ಕೆಳಗೆ ಗುಡ್ಡಪ್ಪನವರ ಇನ್ನೂರು ಕುರಿಗಳು ನಿಂತಿದ್ದವು. ಹಿಂದಿನ ದಿನ ಕೆರೆಯಲ್ಲಿ ಮೈ ತೊಳೆಸಿಕೊಂಡು ಒಣಗಿದ್ದವು. ಬಿಸಿಲು ಇನ್ನೂ ಎಳೆಯದಾಗಿತ್ತು.

ಯಲ್ಲದಕೆರೆಯ ಜುಂಜಣ್ಣನ ಹಾಡು ಕೇಳಲು ದಾವಣಗೆರೆಯಲ್ಲಿ ಜನ ಟಿಕೀಟು ಕೊಂಡು ಕೂತದ್ದು ಇದಾದ ಹನ್ನೊಂದು ವರ್ಷದ ಮೇಲೆ. ಎಪ್ಪತ್ತನಾಲ್ಕರಲ್ಲಿ ಅವನು ಹೆಂಡತಿ ಕಾಟಮ್ಮನೊಡನೆ ಊರೂರು ತಿರುಗಿ ಕುರಿಗಳ ಉಣ್ಣೆ ಕತ್ತರಿಸುತ್ತಿದ್ದ. ಹಿಂದಿನ ವರ್ಷ ಭದ್ರಾವತಿಯ ರೇಡಿಯೋ ಸ್ಟೇಷನ್ನಿಗೆ ಕರೆಸಿದ್ದರು. ತಣ್ಣನೆಯ ಕೋಣೆಯಲ್ಲಿ, ಮೈಕಿನ ಮುಂದೆ, ಅವನ ಬಾಯಿ ತೆರೆಯಿತು, ದನಿ ಬರಲಿಲ್ಲ. ಬಲಗೈಯ ಬೆರಳುಗಳು ಮಾತ್ರ ಮುಚ್ಚಿ ತೆರೆಯುತ್ತಿದ್ದವು. ಅಂದಿನಿಂದ ಊರಿನವರಿಗೆ ಅವನು ರೇಡಿಯೋ ಜುಂಜಣ್ಣ. ನೀರಿಗೆ ಹೋಗುವ ಹೆಂಗಸರೂ ಹಾಗೆಂದೇ ಕರೆದು ನಗುತ್ತಿದ್ದರು. ಆ ಬೆರಳುಗಳನ್ನು ಅಂದು ಗಮನಿಸಿದ್ದ ಸ್ಟೇಷನ್ನಿನ ಗೋವಿಂದಯ್ಯನವರು ಈಗ ತಾವೇ ಯಂತ್ರ ಹೊತ್ತು ಬಸ್ಸಿನಲ್ಲಿ ಬಂದಿದ್ದರು.

"ಟೇಪು ಉಳಿದಿರೋದು ಎಂಟು ನಿಮಿಷದ್ದು," ಎಂದರು ಅವರು. "ಅರ್ಧಕ್ಕೆ ನಿಂತ ಪದ ರೇಡಿಯೋದ ಆಯ್ಕೆಗೆ ಕಳಿಸೋ ಹಾಗಿಲ್ಲ. ನನಗೆ ವರ್ಗ ಆಗಿದೆ ಜುಂಜಣ್ಣ. ಮತ್ತೆ ಬರೋಕಾಗಲ್ಲ."

"ಕಾಟಮ್ಮ, ಎಂಟು ನಿಮಿಷದ ಕುರಿ ಹುಡುಕವ್ವ!" ಎತ್ತಪ್ಪ ಕೂಗಿದ.

ಕಾಟಮ್ಮ ನಗಲಿಲ್ಲ. ಗಂಡ ವರ್ಷವಿಡೀ ತಲೆ ತಗ್ಗಿಸಿ ನಡೆದದ್ದನ್ನು ಅವಳು ಕಂಡಿದ್ದಳು. ಹಿಂಡಿನೊಳಗೆ ಹೊಕ್ಕು, ಅವಸರದಲ್ಲಿ ನಾಲ್ಕಾರು ಕುರಿ ಸರಿಸಿ, ಒಂದು ಸಣ್ಣ ಹೆಣ್ಣು ಕುರಿಯನ್ನು ಎಳೆದು ತಂದಳು.

"ಇದು ಬ್ಯಾಗ್ನೆ ಮುಗೀತೈತೆ."

ಜುಂಜಣ್ಣ ಕುರಿಯನ್ನು ಮಲಗಿಸಿ ಕಾಲು ಕಟ್ಟಿದ. ಗೋವಿಂದಯ್ಯನವರು ಹೆಡ್‌ಫೋನ್ ಹಾಕಿಕೊಂಡು ಕೈ ಎತ್ತಿದರು. ಕತ್ತರಿ ಕಚಕ್ಕೆಂದಿತು. ದನಿ ಅದರ ಬೆನ್ನಿಗೇ ಬಂತು.

ತವರಿನ ಹಿಂಡಿನ ಒಂದೊಂದು ಕುರಿಯನ್ನೂ ಹೆಸರು ಹಿಡಿದು ವಿಚಾರಿಸುವ ತಂಗಿಯ ಪದ ಅದು. ಕತ್ತರಿ ಮುಚ್ಚಿದಾಗ ಸಾಲು ತಿರುಗುತ್ತಿತ್ತು. ಕಪ್ಪು ಉಣ್ಣೆ ಒಂದೇ ಹಾಳೆಯಾಗಿ ಹೆಗಲಿನಿಂದ ಜಾರುತ್ತ ಬಂತು. ಗೋವಿಂದಯ್ಯನವರ ಮುಖ ಸಡಿಲವಾಯಿತು.

ಹೊಟ್ಟೆಯ ಹತ್ತಿರ ಬಂದಾಗ ಜುಂಜಣ್ಣನ ಎಡಗೈ ತಡೆದು ನಿಂತಿತು. ಅಂಗೈಯ ಕೆಳಗೆ ಏನೋ ಹೊರಳಿತು. ಅವನು ಹಾಡುತ್ತಲೇ ಕಾಟಮ್ಮನತ್ತ ನೋಡಿದ. ಅವಳು ಮಂಡಿಯೂರಿ ಮುಟ್ಟಿದಳು.

"ಅಯ್ಯೋ, ಗಬ್ಬ ಐತೆ," ಎಂದಳು, ಅರ್ಧ ಉಸಿರಿನಲ್ಲಿ. "ತುಪ್ಪಟದಾಗೆ ಕಾಣ್ಲಿಲ್ಲ. ನಾನು ಮುಟ್ಟಿ ನೋಡ್ಬೇಕಾಗಿತ್ತು."

ಗಬ್ಬದ ಕುರಿಯ ಕಾಲು ಕಟ್ಟುವುದಿಲ್ಲ, ಬೆನ್ನ ಮೇಲೆ ಹೊರಳಿಸುವುದಿಲ್ಲ. ಅವನು ಹಗ್ಗ ಬಿಚ್ಚಿದ. ಕಾಟಮ್ಮ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಕತ್ತರಿ ಈಗ ಒಂದೊಂದೇ ಬೆರಳಗಲ ಹೋಗುತ್ತಿತ್ತು; ಪದವೂ ಅಷ್ಟೇ ನಿಧಾನವಾಯಿತು.

ಗೋವಿಂದಯ್ಯನವರು ಮೂರು ಬೆರಳು ತೋರಿಸಿದರು. ಆಮೇಲೆ ಎರಡು.

"ಲೇ, ನಾಲ್ಕು ಸಾಲು ಹಾರ್ಸಿ ಮುಗ್ಸೋ," ಎತ್ತಪ್ಪ ಪಿಸುಗುಟ್ಟಿದ. "ಕುರಿ ಆಮ್ಯಾಲೆ ನೋಡ್ಕಳಾಣ."

ಜುಂಜಣ್ಣ ಗೋವಿಂದಯ್ಯನವರ ಬೆರಳುಗಳನ್ನು ನೋಡಿದ. ಕೊನೆಯ ಸಾಲು ಅವನ ನಾಲಿಗೆಯ ಮೇಲೇ ಇತ್ತು. ಕುರಿಯ ಹೊಟ್ಟೆ ಏರಿ ಇಳಿಯಿತು. ಅವನು ತಂಗಿಯ ಬಾಯಲ್ಲಿ ಇನ್ನೊಂದು ಕುರಿಯ ಹೆಸರು ಎತ್ತಿದ.

ಟೇಪಿನ ತುದಿ ಸುರುಳಿಯಿಂದ ಕಳಚಿ ಪಟಪಟ ಹೊಡೆದುಕೊಳ್ಳತೊಡಗಿತು. ಗೋವಿಂದಯ್ಯನವರು ಯಂತ್ರ ನಿಲ್ಲಿಸಿದರು. ಹೆಡ್‌ಫೋನ್ ತೆಗೆದು ಕೊರಳಿಗೆ ಹಾಕಿಕೊಂಡು, ಶೂ ಕಾಲಿನಲ್ಲೇ ನೆಲದ ಮೇಲೆ ಕುಳಿತರು. ಪದ ಇನ್ನೂ ಬಹಳ ಹೊತ್ತು ನಡೆಯಿತು.

ಕುರಿ ಎದ್ದು ನಿಂತಾಗ ಕೊನೆಯ ಸಾಲು ಬಂತು.

"ಮುಗೀತಾ?" ಗೋವಿಂದಯ್ಯನವರು ಕೇಳಿದರು.

"ಈಗ ಮುಗೀತು ಸ್ವಾಮಿ."

ಉಣ್ಣೆ ಕಳೆದುಕೊಂಡ ಕುರಿ ತೀರ ಚಿಕ್ಕದಾಗಿ, ಬೂದಿಬಣ್ಣವಾಗಿ ಕಂಡಿತು. ಅದು ಹಿಂಡಿನತ್ತ ನಡೆಯಿತು. ಅಂಚಿನಲ್ಲಿದ್ದ ಎರಡು ಕುರಿಗಳು ಗುರುತು ಸಿಗದೆ ಹಿಂದೆ ಸರಿದವು. ಆಮೇಲೆ ಒಂದು ಕತ್ತು ಚಾಚಿ ಅದರ ಮೈ ಮೂಸಿತು, ಮತ್ತೊಮ್ಮೆ ಮೂಸಿತು, ಜಾಗ ಬಿಟ್ಟಿತು.