ಅಳಿಯನ ಪಾಲಿನ ಮೂಲೆ

ಊರಿನವರಿಗೆಲ್ಲ ಕಣ್ಣು ಸರಿಯಾಗಿ ಕಾಣಿಸುವಂತೆ ಮಾಡುವುದು ಕನ್ನಡಕದಂಗಡಿಯವರ ಕಸುಬು. ಗೋಡೆಯ ಮೇಲಿನ ಅಕ್ಷರಗಳನ್ನು ದೊಡ್ಡದರಿಂದ ಚಿಕ್ಕದರವರೆಗೆ ಓದಿಸಿ, ಒಂದಾದ ಮೇಲೊಂದು ಗಾಜು ಬದಲಿಸಿ, ‘ಈಗ ಹೇಗಿದೆ?’ ಎಂದು ಕೇಳುತ್ತಲೇ ಅವರ ಅರ್ಧ ಆಯುಸ್ಸು ಕಳೆದಿತ್ತು. ಉಳಿದರ್ಧ ಉಪದೇಶಕ್ಕೆ ಹೋಯಿತು ಎನ್ನುತ್ತಿದ್ದರು ಅವರ ಹೆಂಡತಿ. ಆ ಮಾತನ್ನು ಅಲ್ಲಗಳೆಯುವವರು ಯಾರೂ ಇರಲಿಲ್ಲ.

ಊರಂಚಿನಲ್ಲಿ, ಬಸ್ ಡಿಪೋ ಹಿಂದೆ, ಹಳೆಯ ಕಾಡಿನದೊಂದು ತುಂಡು ಹೇಗೋ ಉಳಿದುಕೊಂಡಿತ್ತು. ಯಾರೂ ನೆಟ್ಟದ್ದಲ್ಲ, ಊರು ಹುಟ್ಟುವ ಮೊದಲೇ ಅಲ್ಲಿದ್ದದ್ದು. ಸಕ್ಕರೆ ಕಾಯಿಲೆಗೆ ನಡಿಗೆ ಒಳ್ಳೆಯದೆಂದು ಡಾಕ್ಟರು ಅಟ್ಟಿದ ಮೇಲೆ ಕನ್ನಡಕದವರು ಅತ್ತ ಕಾಲಿಟ್ಟರು. ನಡುವೆ ನಿಂತಿದ್ದ ಎಲ್ಲಕ್ಕಿಂತ ಹಳೆಯ ಮರಕ್ಕೆ ಬೆನ್ನು ಕೊಟ್ಟು ಕೂತ ಮೊದಲ ದಿನವೇ, ಅಂಗಡಿಯ ಟ್ಯೂಬ್‌ಲೈಟಿನ ಗುಂಯ್ ಎನ್ನುವ ಸದ್ದು ತಲೆಯೊಳಗಿಂದ ಇಳಿದುಹೋಯಿತು. ಅಂದಿನಿಂದ ಆ ಮರವೆಂದರೆ ಅವರಿಗೆ ಜೀವ. ಐದು ಬೆರಳು ಬಿಚ್ಚಿದ ಅಂಗೈಯಂಥ ಅದರ ಎಲೆಯೊಂದನ್ನು ಜೇಬಿನಲ್ಲಿಟ್ಟುಕೊಂಡು ಬರುವುದು ರೂಢಿಯಾಯಿತು. ಅದಕ್ಕೆ ‘ಹಿರಿಯಜ್ಜ’ ಎಂದು ಹೆಸರಿಟ್ಟವರೂ ಅವರೇ.

ಹಿರಿಯಜ್ಜನಿಗೆ ಒಂದೇ ಕೊರತೆ. ಎಷ್ಟು ಬೀಜ ಉದುರಿಸಿದರೂ ಬುಡದಲ್ಲಿ ಒಂದು ಮರಿ ಇಲ್ಲ. ಯಾರದೋ ತೋಟದಿಂದ ಬೇಲಿ ಹಾರಿ ಬಂದ ಅಲಂಕಾರದ ಪೊದೆಯೊಂದು ನೆಲಕ್ಕೆ ಬಿಸಿಲೇ ತಾಗದಂತೆ ಹಬ್ಬಿತ್ತು. ಕನ್ನಡಕದವರು ಅದನ್ನು ‘ಪರದೇಶಿ’ ಎಂದು ಕರೆದು, ಗಿರಾಕಿಗಳನ್ನೇ ಹುರಿದುಂಬಿಸಿ ಭಾನುವಾರದ ತಂಡ ಕಟ್ಟಿದರು. ಪೊದೆ ಕಡಿದು ಸಾಗಿಸಿದ್ದಾಯಿತು. ಮಳೆ ಬಿದ್ದದ್ದೇ ತಡ, ಬೆಳಕು ಕಂಡ ನೆಲದಲ್ಲಿ ಹೃದಯದಾಕಾರದ ಒಂಟಿ ಎಲೆಯ ಸಸಿಗಳು ಗುಂಪುಗುಂಪಾಗಿ ಎದ್ದವು. ಪರದೇಶಿಯ ಎಲೆಯೂ ಹೆಚ್ಚುಕಡಿಮೆ ಹಾಗೆಯೇ. ಕಳ್ಳ ಹೋಗುವಾಗ ಬೀಜ ಬಿಟ್ಟುಹೋಗಿದ್ದಾನೆ ಎಂದು ಕನ್ನಡಕದವರು ತೀರ್ಪು ಕೊಟ್ಟರು. ಬೇರು ತುಂಡಾದರೆ ಮತ್ತೆ ಚಿಗುರುತ್ತದೆ, ಬುಡದ ಮಣ್ಣು ಸಡಿಲಿಸಿ ಬೇರುಸಮೇತ ಎತ್ತಬೇಕು ಎಂದು ಒಬ್ಬೊಬ್ಬರಿಗೂ ಕೈಹಿಡಿದು ಕಲಿಸಿದರು. ಭಾನುವಾರದ ಮೇಲೆ ಭಾನುವಾರ ಕಿತ್ತರು, ಬಿಸಿಲಿಗೆ ಹರಡಿ ಒಣಗಿಸಿದರು.

ತಂಡದಲ್ಲಿ ಅವರ ಅಳಿಯನೂ ಇದ್ದ. ಬ್ರೆಡ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ, ಕಿವಿಯ ಸಂದಿಯಲ್ಲಿ ಮೈದಾಹಿಟ್ಟು ಹಾಗೇ ಇರುವಾಗಲೇ ನೇರವಾಗಿ ಬಂದುಬಿಡುತ್ತಿದ್ದ. ಮಾವನ ಬಾಯಿಂದ ಒಂದು ಒಳ್ಳೆಯ ಮಾತು ಬೀಳಲಿ ಎಂಬುದಷ್ಟೇ ಅವನ ಆಸೆ. ಮಾವನಿಗೋ, ಮಗಳು ತಾನೇ ಆರಿಸಿಕೊಂಡ ಈ ಸಂಬಂಧ ಅಷ್ಟಕ್ಕಷ್ಟೆ. ಹಿರಿಯಜ್ಜನ ಹಿಂದಿನ ಮೂಲೆಯನ್ನು ಅವನ ಪಾಲಿಗೆ ಬಿಟ್ಟಿದ್ದರು. ಒಂದು ಭಾನುವಾರ ಹೋಗಿ ನೋಡಿದರೆ ಮೂಲೆಯಲ್ಲಿ ತಡವಾಗಿ ಎದ್ದ ಸಸಿಗಳು ಇದ್ದಂತೆಯೇ ಇವೆ, ಅಳಿಯ ಮರಕ್ಕೊರಗಿ ಬಾಯಿ ತೆರೆದು ನಿದ್ದೆಹೋಗಿದ್ದಾನೆ. ಕನ್ನಡಕದವರು ಎಲ್ಲರನ್ನೂ ಕೈಬೀಸಿ ಕರೆದರು.

“ಅಳಿಯಂದ್ರು ಕೂತಲ್ಲೇ ಬೇರು ಬಿಟ್ಟಿದಾರೆ ನೋಡಿ. ಇವರನ್ನೂ ಬೇರುಸಮೇತ ಕೀಳ್ಬೇಕೋ ಏನೋ.”

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಚ್ಚರಗೊಂಡ ಅಳಿಯನೂ ನಕ್ಕ. ಆದರೆ ಅವನ ಕಿವಿ ಕೆಂಪಾಗಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ವಾರ ಮಗಳು ಅಪ್ಪನಿಗೆ ಫೋನ್ ಮಾಡಲಿಲ್ಲ.

ಶನಿವಾರ ಸಂಜೆ ಕನ್ನಡಕದವರು ನೀರು ಕುಡಿಯಲೆಂದು ಅಡುಗೆಮನೆಗೆ ಹೋದರು. ಕಿಟಕಿಯ ಕಟ್ಟೆಯ ಮೇಲೆ ಹಿಡಿ ಮುರಿದ ಕಪ್ಪೊಂದಿತ್ತು. ಬಹಳ ವಾರಗಳ ಹಿಂದೆ ಕಿತ್ತ ರಾಶಿಯಿಂದ ಹೆಂಡತಿ ಒಂದು ಸಸಿ ತಂದು ಅದರಲ್ಲಿ ನೆಟ್ಟಿದ್ದರು. ಪರದೇಶಿಯನ್ನು ಮನೆಗೇ ತಂದೆಯಾ ಎಂದು ಆಗ ಗಂಡ ರೇಗಿದ್ದಕ್ಕೆ, ಪಾತ್ರೆ ತೊಳೆಯುವಾಗ ನೋಡೋಕೆ ಒಂದು ಹಸಿರು ಬೇಕು, ನಿಮ್ಮ ಮುಖ ನೋಡ್ಕೊಂಡು ತೊಳೀಲಾ ಎಂದು ಬಾಯಿ ಮುಚ್ಚಿಸಿದ್ದರು. ಈಗ ಕೆಳಗಿನ ಎಲೆಗಳು ಮೊದಲಿನಂತೆಯೇ ಒಂಟಿಯಾಗಿದ್ದವು. ತುದಿಯಲ್ಲಿ ಹೊಸದೊಂದು ಬಿಚ್ಚಿಕೊಂಡಿತ್ತು. ಐದು ಬೆರಳಿನ ಪುಟ್ಟ ಅಂಗೈ.

ಕನ್ನಡಕದವರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಜೇಬಿನ ಎಲೆ ತೆಗೆದು ಪಕ್ಕದಲ್ಲಿ ಹಿಡಿದರು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಇಷ್ಟು ದಿನ ಕಿತ್ತು ಒಣಗಿಸಿದ್ದು ಪರದೇಶಿಯನ್ನಲ್ಲ, ಹಿರಿಯಜ್ಜನ ಮಕ್ಕಳನ್ನು. ಈ ಮರದ ಎಳೆಯ ಎಲೆ ಬೇರೆ, ಬಲಿತ ಎಲೆ ಬೇರೆ. ಬುಡದಲ್ಲಿ ಒಂದು ಸಸಿಯನ್ನೂ ಕಂಡಿರದ ತಂಡಕ್ಕೆ ಅದು ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದಾದರೂ ಕನ್ನಡಕದವರಿಗೆ ಗೊತ್ತಿರಬೇಕಿತ್ತು.

ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಅಷ್ಟರಲ್ಲಿ ಇನ್ನೊಂದು ನೆನಪಾಯಿತು. ಒಂದು ಕಡೆ ಮಾತ್ರ ಸಸಿಗಳು ಉಳಿದಿವೆ, ಅಳಿಯ ನಿದ್ದೆ ಮಾಡಿದ ಮೂಲೆಯಲ್ಲಿ. ನಾಳೆ ಮೊದಲು ಅದನ್ನೇ ಮುಗಿಸೋಣ ಎಂದು ಅವರೇ ಎಲ್ಲರಿಗೂ ಹೇಳಿದ್ದರು.

ತಂಡದವರಿಗೆ ಒಂದು ಮೆಸೇಜ್ ಹಾಕಿದ್ದರೆ ಮುಗಿಯುತ್ತಿತ್ತು. ‘ನಾನು ತಪ್ಪು ಮಾಡಿದೆ’ ಎಂದು ಬರೆದರು, ಅಳಿಸಿದರು. ‘ಒಂದು ಸಣ್ಣ ಗೊಂದಲವಾಗಿದೆ’ ಎಂದು ಬರೆದರು, ಅದನ್ನೂ ಅಳಿಸಿದರು. ಕೊನೆಗೆ ಹಾಸಿಗೆಯಲ್ಲಿ ಹೊರಳಾಡುತ್ತ ಒಂದು ಉಪಾಯ ಹೂಡಿದರು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ, ಆ ಮೂಲೆಯ ನೆಲಕ್ಕೆ ಸ್ವಲ್ಪ ವಿಶ್ರಾಂತಿ ಬೇಕು, ಯಾರೂ ಮುಟ್ಟಬೇಡಿ ಎಂದರಾಯಿತು. ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ. ಆಮೇಲೆ ನಿದ್ದೆ ಬಂತು ಎನ್ನುವುದೇ ನಾಚಿಕೆಯ ವಿಷಯ.

ಬೆಳಿಗ್ಗೆ ಹೋದರೆ ಅವರಿಗಿಂತ ಮೊದಲೇ ಎಲ್ಲರೂ ಹಿರಿಯಜ್ಜನ ಹಿಂದೆ ನೆರೆದಿದ್ದರು. ಮೂಲೆ ಕಸಬರಿಗೆಯಿಂದ ಗುಡಿಸಿದಷ್ಟು ಚೊಕ್ಕಟವಾಗಿತ್ತು. ಪಕ್ಕದಲ್ಲಿ ಸಸಿಗಳ ರಾಶಿ, ಅದರ ಪಕ್ಕದಲ್ಲಿ ಅಳಿಯ. ರಾತ್ರಿಯ ಅಂಗಿ ಬದಲಾಯಿಸಿರಲಿಲ್ಲ. ಬೆರಳುಗಳು ತರಚಿದ್ದವು. ಪಾಳಿಯಿಂದ ಬೇಗ ಬಿಡಿಸಿಕೊಂಡು ಬಂದು ಒಬ್ಬನೇ ಕಿತ್ತನಂತೆ, ಮೈಯಲ್ಲಿ ದೆವ್ವ ಹೊಕ್ಕವರ ಹಾಗೆ ಕೆಲಸ ಮಾಡಿದನಂತೆ ಎಂದು ಹೋದ ವಾರ ನಕ್ಕವರೇ ಹೊಗಳುತ್ತಿದ್ದರು.

“ನೀವು ಕಲಿಸಿದ ಹಾಗೇ ಮಾವ,” ಎಂದ ಅಳಿಯ. “ಒಂದು ಬೇರೂ ತುಂಡಾಗಿಲ್ಲ. ಒಂದನ್ನೂ ಬಿಟ್ಟಿಲ್ಲ.”

ಅವನ ಮುಖದಲ್ಲಿದ್ದ ಸಂತೋಷವನ್ನು ನೋಡಲು ಕನ್ನಡಕದವರಿಗೆ ಆಗಲಿಲ್ಲ. ಒಂದು ಮಾತು ಹೇಳಿದ್ದರೆ ಈ ಹುಡುಗನ ಬೆರಳೂ ಉಳಿಯುತ್ತಿತ್ತು, ಸಸಿಯೂ ಉಳಿಯುತ್ತಿತ್ತು. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು: ಈಗ ಶಹಬ್ಬಾಸ್ ಎಂದುಬಿಟ್ಟರೆ ಅಳಿಯನಿಗೂ ಖುಷಿ. ಮಧ್ಯಾಹ್ನದೊಳಗೆ ರಾಶಿ ಒಣಗುತ್ತದೆ, ಈ ವಿಷಯ ಯಾವತ್ತೂ ಯಾರಿಗೂ ತಿಳಿಯುವುದಿಲ್ಲ. ಆ ಯೋಚನೆ ತಮ್ಮದೇ ಎಂದು ಅವರಿಗೆ ಹೇಸಿಗೆಯಾಯಿತು.

ಹಿಂದಿನಿಂದ ಹೆಂಡತಿ ಬಂದರು. ಅವರು ಬರುವುದು ಅಪರೂಪ. ಗಂಡ ಕಿಟಕಿಯ ಬಳಿ ಎಲೆಗೆ ಎಲೆ ಹಿಡಿದು ನೋಡಿದ್ದು ಅವರ ಕಣ್ಣಿಗೆ ಬಿದ್ದಿರಬೇಕು. ಕೈಯಲ್ಲಿ ಹಿಡಿ ಮುರಿದ ಕಪ್ಪು. ಅದನ್ನು ಗಂಡನ ಕೈಗೆ ಕೊಟ್ಟು, ಬೇರೇನೂ ಕೇಳದೆ, “ಬಿಸಿಲು ಏರ್ತಾ ಇದೆ ರೀ,” ಎಂದರಷ್ಟೆ.

ಕನ್ನಡಕದವರು ಕಪ್ಪನ್ನು ಎಲ್ಲರಿಗೂ ಕಾಣುವಂತೆ ಹಿಡಿದರು.

“ಇದು ಪರದೇಶಿ ಅಲ್ಲ. ಹಿರಿಯಜ್ಜನ ಮರಿ. ಇಷ್ಟು ದಿನ ನಿಮ್ಮ ಕೈಲಿ ಇವನ್ನೇ ಕೀಳಿಸಿದೀನಿ. ನಿನ್ನೆ ಸಂಜೇನೇ ಗೊತ್ತಾಯ್ತು, ಮರ್ಯಾದೆಗೆ ಹೆದರಿ ಹೇಳ್ಲಿಲ್ಲ. ನಿನ್ನೆವರೆಗೆ ಉಳಿದಿದ್ದು ಅಂದ್ರೆ ಅಳಿಯಂದ್ರ ಮೂಲೆ ಒಂದೇ.”

ಅಳಿಯ ಕಪ್ಪಿನ ಕಡೆ ನೋಡಿದ, ರಾಶಿಯ ಕಡೆ ನೋಡಿದ, ತನ್ನ ಬೆರಳುಗಳನ್ನು ನೋಡಿಕೊಂಡ.

“ಹಾಗಾದ್ರೆ ಇವತ್ತೂ ನಾನು ಮಲಗಿಬಿಡ್ಬೇಕಿತ್ತು ಅಲ್ವಾ ಮಾವ,” ಎಂದ. ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಕನ್ನಡಕದವರಿಗೆ ಎಷ್ಟೋ ಹಗುರವಾಗುತ್ತಿತ್ತು.

ಅವರು ಅಲ್ಲೇ ಮಂಡಿಯೂರಿ ಬರಿಗೈಯಲ್ಲಿ ಗುಂಡಿ ತೋಡಲು ಶುರುಮಾಡಿದರು. ಬೇರು ಇನ್ನೂ ಹಸಿಯಾಗಿತ್ತು. ಒಬ್ಬೊಬ್ಬರಾಗಿ ಉಳಿದವರೂ ಕೂತರು. ಹೆಂಡತಿ ಡಿಪೋದ ನಲ್ಲಿಯಿಂದ ಬಕೆಟ್‌ನಲ್ಲಿ ನೀರು ತಂದರು. ಎಷ್ಟು ಬದುಕುತ್ತವೆ ಎಂದು ಯಾರೋ ಕೇಳಿದಾಗ, ಜೀವಮಾನದಲ್ಲಿ ಮೊದಲ ಸಲ ಕನ್ನಡಕದವರು ತಮಗೆ ಗೊತ್ತಿಲ್ಲ ಎಂದರು. ನೆಟ್ಟ ಸಸಿಗಳು ತಲೆ ಬಾಗಿಸಿಕೊಂಡೇ ನಿಂತಿದ್ದವು.

ಸ್ವಲ್ಪ ಹೊತ್ತು ಕೈಜೋಡಿಸಿದ ಅಳಿಯ, ಸಸಿ ಹಿಡಿದಲ್ಲೇ ತೂಕಡಿಸಿ, ಮರಕ್ಕೊರಗಿ ನಿದ್ದೆಹೋದ. ಈ ಸಲ ಯಾರೂ ನಗಲಿಲ್ಲ. ಕನ್ನಡಕದವರು ಅವನ ಬೆರಳುಗಳ ನಡುವಿನಿಂದ ಸಸಿಯನ್ನು ಮೆಲ್ಲಗೆ ಬಿಡಿಸಿಕೊಂಡರು. ಕಾಲು ಚಾಚಿದ ಕಡೆಯೂ ನೆಡಬೇಕಲ್ಲ, ಎಬ್ಬಿಸಲೇ ಎಂದು ಒಬ್ಬರು ಕೇಳಿದರು.

“ಬೇಡ,” ಎಂದರು ಕನ್ನಡಕದವರು, ತಲೆ ಎತ್ತದೆ. “ಅವರಿಗೆ ಜಾಗ ಬಿಟ್ಟು ಸುತ್ತ ನೆಡಿ.”